ಸೆಕೆಂಡ್ ಮಾಲು

ಐತವಾರ ಹನ್ನೊಂದಕ್ಕ
ಕಿಡಕಿಯಾಗ ಬಿಸಿಲು ಬಂದ ಮ್ಯಾಲ
ಡಬ್ಬಿ ತಗೀತೀನಿ.
ಮದ್ಲ ಕೈ ತೊಳೀಬೇಕು, ಎರಡು ಸಲ.
ಇಲಿ ವಾಸನಿ ಉಳದ್ರ ಬೆರಳ ಊಟ ಅಂತ ತಿಳೀತದ,
ಸಾಬಾಣ ಉಳದ್ರ ಮಾರಿ ತಿರುವತದ.

ಆಫ್ರಿಕಾದ ಹಾವು, ಇಲ್ಲೀದಲ್ಲ.
ಕಾಗದ ಪತ್ರ ದತ್ತೂನ ಹೆಸರಲೆ ಅದಾವ,
ಟ್ರಕ್ಕಿನ ಕಾಗದದ ಜೋಡಿ ಒಂದ ಪ್ಲಾಸ್ಟಿಕ್ ಚೀಲದಾಗ.
ಮ್ಯಾಲಿನ ಖೋಲಿ ಬಾಡಗಿ ಅವಂದು.
ನಾಗಪುರಕ್ಕ ಹ್ವಾದ್ರ ಹತ್ತು ದಿನ, ರಾಯಪುರಕ್ಕ ಹ್ವಾದ್ರ ಹದಿನೈದು.
"ಮಾವಶಿ, ನೀರಷ್ಟ ಬದಲಿ ಮಾಡ್ರಿ" ಅಂದಿದ್ದ.
ನೀರಷ್ಟ ಅನ್ನಾವ್ರ ಕೆಲಸ ನನಗ ಗೊತ್ತಿಲ್ಲೇನು.

ಇಪ್ಪತ್ತಾರು ವರ್ಷ ಸಾಖರ ಪೇಠದ ಕಾರಖಾನ್ಯಾಗ
ಚಾದರ ತಪಾಸಣಿ ಮಾಡಿದ ಕೈ ಇವು.
ಮಾಲಕನ ಚಸ್ಮಾಕ್ಕ ಕಾಣದ್ದು
ನನ್ನ ಹೆಬ್ಬೆರಳಿಗೆ ಕಾಣತಿತ್ತು:
ಹಾಸು ಹರದದ್ದು, ಹೊಕ್ಕು ತಪ್ಪಿದ್ದು,
ಲಾಳಿ ಬಡದು ಎದ್ದ ಗಂಟು.
ನೀಲಿ ಖಡು ಎಳದು ಬಾಜೂಕ ಒಗದ್ರ ಸೆಕೆಂಡ್ ಮಾಲು,
ಕಿಲೋ ಲೆಕ್ಕದಾಗ ಹೋಗತಿತ್ತು.

ಹಂಗ ಇದನ್ನೂ ಹಿಡೀತೀನಿ,
ನಡುವಿಂದ. ತಲಿ ಹಿಡದ್ರ ಯಾರಿಗರೆ ಸೇರತದೇನು.
ಮೊಳಕೈ ತನಕ ಸುತಗೊಂಡು ತಣ್ಣಗ ಬಿಗೀತದ,
ಬಿ.ಪಿ. ನೋಡೂ ನರ್ಸಿನಂಗ.
ತಲಿಯಿಂದ ಬಾಲದ ಕಡಿಗೆ ಹೆಬ್ಬೆರಳು,
ಹುರುಪಿಗೆ ಎದುರ ಎಂದೂ ಅಲ್ಲ.
ಕಂದು, ಅದರ ಮ್ಯಾಲ ಕಪ್ಪು, ಕಪ್ಪಿನಾಗ ಬಂಗಾರದ ಬುಟ್ಟಾ.
ದತ್ತು ಜೆಕಾರ್ಡ ಅಂತ ಹೆಸರಿಟ್ಟಾನ.
ಆದ್ರ ಒಂದ ಬುಟ್ಟಾದಂಗ ಇನ್ನೊಂದಿಲ್ಲ,
ನಮ್ಮ ಮಾಲಕ ನೋಡಿದ್ರ ಇಡೀ ಹಾವ ರಿಜೆಕ್ಟ್.

ಕಣ್ಣು ಸ್ವಚ್ಛ ಅದಾವ. ಬಾಯಂಚು ಕೆಂಪಿಲ್ಲ.
ಬಾಲದ ತುದ್ಯಾಗ ಹಳೇ ಪೊರಿ ಉಂಗುರದಂಗ ಉಳದದ,
ಹಸಿ ಅರಬಿ ಸುತ್ತಿ ಬಿಡತೀನಿ, ಜಗ್ಗೂದಿಲ್ಲ.
ಹೊಟ್ಟಿ ಮ್ಯಾಲ ಎರಡು ಪಟ್ಟಿ ಹಳದಿ ಆಗ್ಯಾವ.
ಅದು ನಂದ ತಪ್ಪು.
ಥಂಡಿ ಅಂತ ಪ್ಯಾಡಿನ ಕಾವು ನಾನ ಏರಿಸಿದ್ದೆ.

ಕುತ್ತಿಗಿ ಕೆಳಗ ಬೆರಳು ನಿಂತಿತು.
ಏನೋ ಅದ.
ಕಣ್ಣಿಗೆ ಏನೂ ಇಲ್ಲ. ಹಿಂದಕ ಹೋಗಿ ಮತ್ತ ಬಂದೆ.
ಜೋಳದ ನುಚ್ಚಿನಷ್ಟು ಒಂದು ಗಂಟು, ಬಾಜೂಕ ಇನ್ನೊಂದು.
ಹಲ್ಲು. ಇಲೀವು.

ಜೀವಂತ ಇಲಿ ಒಗೀಬ್ಯಾಡ, ಸತ್ತದ್ದು ಕೊಡು ಅಂತ
ಅಕ್ಕಲಕೋಟ ರೋಡಿನ ದನದ ಡಾಕ್ಟರ್ ನೂರು ಸಲ ಹೇಳ್ಯಾರ.
ಇಲಿಗೂ ಜೀವದ ಮ್ಯಾಲ ಆಸಿ ಇರತದಲ್ಲ.
ದತ್ತು ಬರೋದು ಬುಧವಾರ.
ಬರಲಿ.

ಔಷಧಕ್ಕ ನೀರು ಬೆರಸಿ, ಚಹಾದ ಬಣ್ಣ ಬರೂ ತನಕ,
ಹತ್ತಿ ಹಚ್ಚಿದೆ. ಒಮ್ಮಿ ನಡುಗಿತು.
ಬುಸ್ ಅನ್ನಲಿಲ್ಲ.
ನೋವಾತೇನು ಅಂದ್ರ ನಾಲಿಗಿ ಚಾಚಿ
ನನ್ನ ಮಣಿಕಟ್ಟು ಮೂಸಿತು.
ಅಲ್ಲಿ ನಂದೊಂದು ಅದ, ತೊಂಬತ್ತೆಂಟರ ಲಾಳಿ ಏಟು, ಎಂಟು ಹೊಲಿಗಿ.
ಎರಡು ಸಲ ಮೂಸಿ
ಮೂರನೇ ಸಲ ಬಿಟ್ಟು ಮುಂದ ಹ್ವಾತು.
ಪಾಸು ಅಂತನೋ ಏನೋ.

ಬಿಟ್ಟ ಪೊರಿ ಮೂರು ಕಪಾಟಿನಾಗ ಇಟ್ಟೀನಿ.
ಕಿಡಕಿಗೆ ಹಿಡದು ನೋಡಿದೆ,
ಮಾಲಿನ ಅಡಿಯಾಗ ದೀಪ ಹಚ್ಚಿ ನೋಡಿದಂಗ.
ದೀಪಾವಳೀದರಾಗ ಬೆನ್ನಿನ ಮ್ಯಾಲ ಒಂದು ಗೀರು,
ಡಬ್ಬಿ ಮುಚ್ಚಳದ ತಂತಿ ಹರದಿದ್ದು.
ಸಂಕ್ರಾಂತೀದರಾಗ ಅದ ಜಾಗಾದಾಗ ಕೂದಲೆಳಿ.
ಹೋಳೀದರಾಗ ಹುಡುಕಿದೆ, ಸಿಗಲಿಲ್ಲ.
ತಪ್ಪಿದ ಹೊಕ್ಕು ತಾನ ಹಾಕ್ಕೊಂಡ ಚಾದರ
ಒಂದರೆ ನೋಡೀನೇನು ನಾ, ಅಷ್ಟು ವರ್ಷದಾಗ?

ವಹಿಯಾಗ ಬರದೆ:
ತೂಕ ಒಂದು ಕಿಲೋ ನಾಕನೂರು.
ಕುತ್ತಿಗಿ ಎಡಕ್ಕ ಗಂಟು ಎರಡು.
ಹೊಟ್ಟಿ ಪಟ್ಟಿ ಎರಡು, ನನ್ನಿಂದ.
ಊಟ ಎಂಟು ದಿನ ಬಂದ್.
ಕೆಳಗ ದತ್ತೂಗ ಒಂದು ಸಾಲು, ಮರಾಠ್ಯಾಗ,
ಬೈಗಳಕ್ಕ ಅದ ಛಲೋ.

ಡಬ್ಬಿ ಮುಚ್ಚೂಣಂದ್ರ ತೋಳು ಬಿಡವಲ್ದು.
ಓಣ್ಯಾಗ ನಳಾ ಬಂತಂತ ಯಾರೋ ಒದರಿದ್ರು,
ನಾಕು ದಿನದ ಮ್ಯಾಲ ಬಂದ ನೀರು.
ಒಂದ ಕೈಲೆ ಕೊಡ ಹಿಡಕೊಂಡು
ಹಂಗ ಹೊರಗ ಬಂದೆ.